ಹಿಂಬೀದಿಗೆ ತಿರುಗಿದ ಗಾಡಿ

ತೈವಾನಿನ ಪಡುಗಡಲ ದಂಡೆಯ ಕಾಂಗ್ಕೀ ಊರಿನಲ್ಲಿ ಮುವಾಳ ಧ್ವನಿಯನ್ನು ಗುರುತಿಸದವರು ಇರಲಿಲ್ಲ. ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ಅವಳೇ ಕೊನೆಯವಳು. ಅಪ್ಪ ಬೇಸತ್ತು ಆ ಹೆಸರಿಟ್ಟಿದ್ದ. ಮುವಾ ಎಂದರೆ ತುಂಬಿತು, ಇನ್ನು ಸಾಕು ಎಂದು. ದೊಡ್ಡವಳಾದ ಮೇಲೆ ಅವಳು ಓಣಿ ಓಣಿ ತಿರುಗಿ ಸಿಂಪಿ, ಅಂದರೆ ಕಡಲ ಚಿಪ್ಪಿನೊಳಗಿನ ಮಾಂಸ, ಮಾರಿದಳು. ಅವಳು ತಿರುವಿನಾಚೆ ಇರುವಾಗಲೇ ಹೆಂಗಸರು ಪಾತ್ರೆ ಹಿಡಿದು ಬಾಗಿಲಿಗೆ ಬಂದು ನಿಂತಿರುತ್ತಿದ್ದರು.

ಆಳುವವರನ್ನು ವಿರೋಧಿಸುವ ಪಕ್ಷದ ಹೆಸರೆತ್ತಿದರೆ ಪೊಲೀಸರು ಮನೆಗೆ ಬರುತ್ತಿದ್ದ ಕಾಲ ಅದು. ಮುವಾಳ ಸಿಂಪಿ ಬುಟ್ಟಿಯ ತಳದಲ್ಲಿ ಪಕ್ಷದ ಕರಪತ್ರಗಳಿರುತ್ತಿದ್ದವು. ವಾಸನೆಗೆ ಅಸಹ್ಯಪಟ್ಟು ಯಾವ ಪೊಲೀಸನೂ ಅದಕ್ಕೆ ಕೈ ಹಾಕಲಿಲ್ಲ. ಕರಪತ್ರ ತಂದುಕೊಡುತ್ತಿದ್ದವನು ಅವಳ ಗಂಡನ ಅಣ್ಣ ಹ್ವೆತೋ. ಅವನು ಕೊನೆಗೆ ಸಿಕ್ಕಿಬಿದ್ದು ಜೈಲಿಗೆ ಹೋದ. ಮುಂದಿನ ಹಲ್ಲುಗಳನ್ನು ಕಳೆದುಕೊಂಡು ಬಂದನೇ ಹೊರತು ಒಬ್ಬರ ಹೆಸರನ್ನೂ ಬಾಯಿಬಿಡಲಿಲ್ಲ. ಗಂಡ ದೋಣಿ ಮಗುಚಿ ತೀರಿಕೊಂಡ ಮೇಲೆ ಮುವಾಳ ಮನೆಗೆ ಹಿರಿಯ ಎಂದರೆ ಹ್ವೆತೋನೇ ಆದ. ಆದ್ದರಿಂದ ಅವನಿಗೆ ಎದುರಾಡುವುದು ಅವಳಿಗೆ ಎಂದೂ ಸುಲಭವಾಗಿರಲಿಲ್ಲ.

ಕಾಲ ಬದಲಾಯಿತು. ಪಕ್ಷ ಗೆದ್ದು ಊರಿನ ಆಡಳಿತ ಹಿಡಿಯಿತು, ಕೆಲವು ಅವಧಿ ಆಳಿತು, ಆಮೇಲೆ ಸೋತಿತು. ಸೋಲಿಗೆ ಹಿಂಬೀದಿಯವರೇ ಕಾರಣ ಎಂದು ಹ್ವೆತೋ ತೀರ್ಮಾನಿಸಿದ. ಹಿಂಬೀದಿಯವರು ಕಾಲುವೆ ದಂಡೆಯ ಮೀನುಗಾರರು. ಕಾಲುವೆಯಲ್ಲಿ ಹೂಳು ತುಂಬಿ ಅವರ ದೋಣಿಗಳು ಕೆಸರಿನಲ್ಲಿ ಕೂರುತ್ತಿದ್ದವು. ಹೂಳು ತೆಗೆಸಿ ಎಂದು ಅವರು ಪಕ್ಷದ ಸಭೆಯಲ್ಲಿ ಕೇಳಿದಾಗ, ನಾವು ದೇಶದ ಮಾತಾಡುತ್ತಿದ್ದರೆ ನೀವು ಕೆಸರಿನ ಮಾತಾಡುತ್ತೀರಾ ಎಂದು ಹ್ವೆತೋ ಎಲ್ಲರೆದುರು ಗದರಿದ್ದ. ಮೊದಲಿನಿಂದ ಪಕ್ಷಕ್ಕೇ ಮತ ಹಾಕಿಕೊಂಡು ಬಂದಿದ್ದ ಆ ಬೀದಿಯಲ್ಲಿ ಆ ಸಲ ಅರ್ಧ ಜನ ಇನ್ನೊಂದು ಕಡೆಗೆ ಹಾಕಿದರು.

ಅಲ್ಲಿ ಚುನಾವಣೆಯ ಮರುದಿನ ಗೆದ್ದವರೂ ಸೋತವರೂ ಹಿಂಬದಿ ತೆರೆದ ಮೋಟಾರು ಗಾಡಿಯಲ್ಲಿ ನಿಂತು ಬೀದಿ ಬೀದಿಗೆ ಹೋಗುತ್ತಾರೆ, ಸೊಂಟ ಬಗ್ಗಿಸಿ, ಮತ ಕೊಟ್ಟಿರಿ, ಉಪಕಾರವಾಯಿತು ಎನ್ನುತ್ತಾರೆ. ಸೋತವರು ಹೋಗದಿದ್ದರೆ ಜನ ಅದನ್ನು ಮರೆಯುವುದಿಲ್ಲ. ಪಕ್ಷಕ್ಕಿದ್ದ ಗಾಡಿ ಒಂದೇ, ಅದು ಹ್ವೆತೋನದು. ಆ ದಿನ ಅವನು ಅದನ್ನು ಶೆಡ್ಡಿನಿಂದ ಹೊರಗೇ ತೆಗೆಯಲಿಲ್ಲ.

"ದ್ರೋಹಿಗಳ ಮುಂದೆ ಬಗ್ಗೋ ಸೊಂಟ ಅಲ್ಲ ಇದು," ಎಂದ.

ಮರುದಿನ ಸಿಂಪಿ ಬಿಡಿಸುವ ಚಪ್ಪರದಲ್ಲಿ ಹಿಂಬೀದಿಯ ಪೋಚೂ ತನ್ನ ಮಣೆಯನ್ನು ಎತ್ತಿಕೊಂಡು ಹೋಗಿ ದೂರದ ಮೂಲೆಯಲ್ಲಿ ಕೂತಳು. ಮದುವೆಯಾಗಿ ಬಂದಂದಿನಿಂದ ಮುವಾಳ ಪಕ್ಕದಲ್ಲೇ ಕೂತು ಸಿಂಪಿ ಬಿಡಿಸಿದವಳು ಅವಳು. ಸೋತ ಆ ಸಲವೂ ಪಕ್ಷಕ್ಕೇ ಮತ ಹಾಕಿದ್ದಳು. ಅವಳನ್ನೂ ಸೇರಿಸಿ ಇಡೀ ಬೀದಿಗೆ ದ್ರೋಹಿಗಳ ಬೀದಿ ಎಂಬ ಹೆಸರು ಬಿತ್ತು. ಅದರ ಮುಂದಿನ ಚುನಾವಣೆಯಲ್ಲಿ ಹಿಂಬೀದಿಯಿಂದ ಪಕ್ಷಕ್ಕೆ ಬಿದ್ದ ಮತ ಬೆರಳೆಣಿಕೆಯಷ್ಟು.

ಪಕ್ಷದೊಳಗೂ ಎರಡು ಗುಂಪಾಯಿತು. ಚಪ್ಪರದ ಹೆಂಗಸರು ಅವಕ್ಕೆ ಹೆಸರನ್ನೂ ಇಟ್ಟರು. ಹ್ವೆತೋ ಮತ್ತು ಅವನ ಹಳೆಯ ಜೊತೆಗಾರರು ಚಿಪ್ಪು. ಬಿಟ್ಟು ಹೋದವರನ್ನು ಕರೆಯೋಣ, ಕಾಲುವೆಯ ಮಾತನ್ನೂ ಆಡೋಣ ಎನ್ನುವವರು ಗಂಜಿ. ಚಿಪ್ಪಿನವರು ಎದುರಾದಾಗಲೆಲ್ಲ, ಗಂಜಿ ಕುಡಿದು ಯಾರು ಯುದ್ಧ ಗೆದ್ದಿದ್ದಾರೆ ಎಂದು ಚುಚ್ಚುತ್ತಿದ್ದರು. ಚಿಪ್ಪನ್ನು ಯಾರೂ ತಿನ್ನಲ್ಲ, ಒಳಗಿರೋದನ್ನ ತಿಂದು ಎಸೀತಾರೆ ಎಂದು ಗಂಜಿಯವರು ತಿರುಗಿಸಿ ಕೊಡುತ್ತಿದ್ದರು. ಮುವಾ ಯಾವ ಕಡೆ ಎಂದು ಕೇಳಿದರೆ ಅವಳು ಸಿಂಪಿ ಬಿಡಿಸುವ ಚೂರಿ ತೋರಿಸಿ, ನಂದು ಇದು, ಬಾಯಿ ಬಿಡಿಸೋ ಕಡೆ, ಎನ್ನುತ್ತಿದ್ದಳು.

ಎರಡು ಸೋಲಿನ ಮೇಲೆ ಮೂರನೆಯ ಚುನಾವಣೆ ಬಂತು. ಈ ಸಲವೂ ಸೋತರೆ ಕಾಂಗ್ಕೀಯ ಕಚೇರಿಗೆ ಬೀಗ ಹಾಕುವುದಾಗಿ ಜಿಲ್ಲೆಯ ಪಕ್ಷದವರು ಹೇಳಿ ಕಳಿಸಿದರು. ಮುವಾಳಿಗೆ ಅಂದು ಊಟ ಸೇರಲಿಲ್ಲ. ಪಕ್ಷಕ್ಕಾಗಿ ದುಡಿದಿದ್ದ ಗಂಡನ ಫೋಟೊ ಇದ್ದದ್ದು ಮನೆಯಲ್ಲಲ್ಲ, ಆ ಕಚೇರಿಯ ಗೋಡೆಯ ಮೇಲೆ. ಅವಳ ಯೌವನವೆಲ್ಲ ಆ ಬಾಗಿಲೊಳಗೆ ಕಳೆದಿತ್ತು.

ಔಷಧಿ ಅಂಗಡಿಯ ಸ್ಯೂಗೀ ಅಭ್ಯರ್ಥಿಯಾದಳು. ಮೆತ್ತಗೆ ಮಾತಾಡುವ ಹೆಂಗಸು, ಅಪ್ಪಟ ಗಂಜಿ. ಹ್ವೆತೋ ಒಂದು ಷರತ್ತಿನ ಮೇಲೆ ಒಪ್ಪಿಕೊಂಡ: ಗಾಡಿ ನನ್ನದು, ಓಡಿಸುವವನು ನಾನು, ಹೋಗುವ ದಾರಿಯೂ ನನ್ನದು, ಹಿಂಬೀದಿಗೆ ಚಕ್ರ ತಿರುಗುವುದಿಲ್ಲ. ಅವನು ಕೋಪಿಸಿಕೊಂಡು ಹೊರಟರೆ ದುಡಿಯುವ ಗಂಡಸರೆಲ್ಲ ಅವನ ಹಿಂದೆಯೇ ಹೊರಡುತ್ತಾರೆಂದು ಹೆದರಿ ಸ್ಯೂಗೀ ತಲೆಯಾಡಿಸಿದಳು. ಮೈಕು ಮಾತ್ರ ಮುವಾಳ ಕೈಗೆ ಬಂತು. ಅಂಥ ಗಂಟಲು ಚಿಪ್ಪಿನವರಲ್ಲೂ ಇರಲಿಲ್ಲ, ಗಂಜಿಯವರಲ್ಲೂ ಇರಲಿಲ್ಲ.

ಪ್ರಚಾರದ ದಿನಗಳಲ್ಲಿ ಗಾಡಿ ಊರೆಲ್ಲ ಸುತ್ತಿತು. ಸ್ಯೂಗೀ ಮೇಲೆ ನಿಂತು ಬಾಗಿ ನಮಸ್ಕರಿಸಿದಳು, ಹುಡುಗಿಯರು ಅವಳ ಚಿತ್ರವಿದ್ದ ಕಾಗದದ ಕರವಸ್ತ್ರಗಳನ್ನು ಹಂಚಿದರು. ಸಂಜೆಯ ಸಭೆಗಳಲ್ಲಿ ಹ್ವೆತೋನ ಜೊತೆಗಾರರು ಮುಷ್ಟಿಯೆತ್ತಿ ದ್ರೋಹದ ಮಾತಾಡಿದರು. ಜನ ಕರವಸ್ತ್ರ ತೆಗೆದುಕೊಂಡರು, ಮುಖ ಕೊಟ್ಟು ಮಾತಾಡಲಿಲ್ಲ. ಸಿಂಪಿ ಮಾರಿದ ಹೆಂಗಸಿಗೆ ಕೊಳ್ಳುವವರ ಕಣ್ಣು ಗೊತ್ತಾಗುತ್ತದೆ. ಹೀಗೇ ಹೋದರೆ ಸೋಲು ಖಂಡಿತ ಎಂದು ಮುವಾಳಿಗೆ ಅನ್ನಿಸಿತು. ಒಂದು ಮಧ್ಯಾಹ್ನ ಹ್ವೆತೋ ಗಾಡಿ ತೊಳೆಯುತ್ತಿದ್ದಾಗ ಬಳಿ ಹೋಗಿ, ತಲೆ ತಗ್ಗಿಸಿಯೇ ಮಾತು ತೆಗೆದಳು.

"ಭಾವ, ಹಿಂಬೀದಿ ಬಿಟ್ರೆ ನಾವು ಗೆಲ್ಲಲ್ಲ."

"ಅವರ ಮತದಲ್ಲಿ ಗೆಲ್ಲೋದಕ್ಕಿಂತ ಸೋಲೋದೇ ಮರ್ಯಾದೆ."

"ಮರ್ಯಾದೆ ಇಟ್ಕೊಂಡು ಬೀಗ ಹಾಕಿದ ಬಾಗಿಲ ಮುಂದೆ ಕೂತ್ಕೋತೀರಾ?"

ಹ್ವೆತೋ ಅವಳನ್ನೊಮ್ಮೆ ನೋಡಿ ಮತ್ತೆ ಚಕ್ರಕ್ಕೆ ನೀರು ಹೊಡೆಯತೊಡಗಿದ. ಅವಳ ಕಾಲಿಗೂ ನೀರು ಸಿಡಿಯಿತು. ಅವಳು ಹಿಂದಿರುಗಿದಳು.

ಪ್ರಚಾರದ ಕೊನೆಯ ದಿನ. ಹ್ವೆತೋ ಮುಂದೆ ಗಾಡಿ ಓಡಿಸುತ್ತಿದ್ದ, ಹಿಂದೆ ಸ್ಯೂಗೀ ಮತ್ತು ಮುವಾ ನಿಂತಿದ್ದರು. ಗಾಡಿ ನಿಲ್ಲಿಸಬೇಕಾದರೆ ಮುವಾ ಚಾಲಕನ ತಲೆಯ ಮೇಲಿನ ಚಾವಣಿಗೆ ಒಂದು ಏಟು ಹಾಕುವುದು ರೂಢಿ. ಹಿಂಬೀದಿಯ ಬಾಯಿಗೆ ಬರುತ್ತಿದ್ದಂತೆ ಅವಳು ಏಟು ಹಾಕಿದಳು. ಹ್ವೆತೋನ ಕಾಲು ರೂಢಿಯಂತೆ ಬ್ರೇಕ್ ಒತ್ತಿತು. ಎಲ್ಲಿ ನಿಂತಿದ್ದೇನೆಂದು ಅವನಿಗೆ ತಿಳಿಯುವಷ್ಟರಲ್ಲಿ ಮುವಾ ಧ್ವನಿವರ್ಧಕವನ್ನು ಬೀದಿಯ ಕಡೆಗೆ ತಿರುಗಿಸಿ ಮೈಕು ಬಾಯಿಗೆ ಹಿಡಿದಿದ್ದಳು.

ಹೇಳಬೇಕಾಗಿದ್ದದ್ದು ಎಲ್ಲ ಕಡೆ ಹೇಳುತ್ತಿದ್ದ ಮಾತೇ: ನಾಳೆ ದಯವಿಟ್ಟು ನಮ್ಮ ಸ್ಯೂಗೀಗೆ ಮತ ಕೊಡಿ. ಆದರೆ ಬಾಯಿಂದ ಬಂದದ್ದು ಬೇರೆ.

"ಹಿಂಬೀದಿಯ ಅಣ್ಣಂದಿರೇ, ಅಕ್ಕಂದಿರೇ, ಮತ ಕೊಟ್ಟಿರಿ, ಉಪಕಾರ ಆಯ್ತು."

ಅದು ಚುನಾವಣೆ ಮುಗಿದ ಮರುದಿನ ಹೇಳುವ ಮಾತು. ಮೊದಲೇ ಹೇಳುವುದು ಅಪಶಕುನ. ಸ್ಯೂಗೀ ಬೆವತುಹೋಗಿ ಅವಳ ತೋಳು ಜಗ್ಗಿದಳು. ಕಿಟಕಿಯೊಂದರಿಂದ ಯಾರೋ ನಕ್ಕರು. ಮುದುಕಿಗೆ ಮರೆವು ಹಿಡಿದಿದೆ ಎಂದು ಇನ್ನೊಬ್ಬರು ಹೇಳಿದ್ದೂ ಕೇಳಿಸಿತು. ಹ್ವೆತೋ ಇಳಿದು ಬಂದು ಅವಳನ್ನು ದುರುಗುಟ್ಟಿ ನೋಡಿದ, ಮತ್ತೆ ಮುಂದಕ್ಕೆ ಹೋಗಿ ಬಾಗಿಲು ತೆರೆದು ಮೈಕು ನಿಲ್ಲಿಸುವ ಗುಂಡಿಯ ಮೇಲೆ ಕೈ ಇಟ್ಟ. ಮುವಾಳಿಗೆ ಅದು ಕಂಡಿತು. ಬಾಯಿ ತಪ್ಪಿದ್ದೂ ಗೊತ್ತಾಯಿತು. ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ.

"ತಪ್ಪಿ ಹೇಳಿಲ್ಲ," ಎಂದಳು. "ನಾಳೆ ಮತಕ್ಕಲ್ಲ ಇದು. ನಾವು ಮೊದಲು ಸೋತಾಗ ಈ ಬೀದೀಲಿ ಅರ್ಧ ಜನ ನಮಗೇ ಹಾಕಿದ್ರಿ. ಅದಕ್ಕೂ ಹಿಂದೆ ಎಲ್ಲರೂ ಹಾಕಿದ್ರಿ. ನಮ್ಮ ಭಾವನ್ನ ಪೊಲೀಸರು ಹುಡುಕೋವಾಗ ದೋಣಿ ಹಲಗೆ ಕೆಳಗೆ ಬಚ್ಚಿಟ್ಟಿದ್ದು ಈ ಬೀದಿ. ಅವರು ಜೈಲಲ್ಲಿದ್ದಾಗ ಮನೆಗೆ ಮೀನು ಕಳಿಸಿದ್ದು ಈ ಬೀದಿ. ಅದಕ್ಕೆಲ್ಲ ನಮ್ಮ ಪಕ್ಷ ಒಂದು ಮಾತು ಹೇಳಿಲ್ಲ. ಇವತ್ತು ಹೇಳ್ತಿದೀನಿ. ನಾಳೆ ಯಾರಿಗೆ ಹಾಕ್ತೀರೋ ನಿಮಗೆ ಬಿಟ್ಟಿದ್ದು."

ಆಮೇಲೆ ಸೊಂಟ ಪೂರ್ತಿ ಬಗ್ಗಿಸಿ ನಿಂತಳು. ಪಕ್ಕದಲ್ಲಿ ಸ್ಯೂಗೀಯೂ ಬಗ್ಗಿದಳು.

ಗುಂಡಿಯ ಮೇಲಿದ್ದ ಹ್ವೆತೋನ ಕೈ ಹಾಗೆಯೇ ಇತ್ತು. ಅವನು ಅದನ್ನು ಒತ್ತಲಿಲ್ಲ.

ನಂತರ ಒಂದು ಬಾಗಿಲು ತೆರೆಯಿತು. ಪೋಚೂ ಹೊರಗೆ ಬಂದಳು, ಎಲೆಯ ಸಮೇತ ಒಂದು ದಪ್ಪ ಮೂಲಂಗಿ ಹಿಡಿದು. ಅವರ ಮಾತಿನಲ್ಲಿ ಮೂಲಂಗಿಯ ಹೆಸರು ಶುಭ ಎಂದು ಕೇಳಿಸುವುದರಿಂದ ಗೆಲ್ಲಲಿ ಎಂದು ಹಾರೈಸುವವರು ಅದನ್ನೇ ಕೊಡುತ್ತಾರೆ. ಅವಳು ನೆಟ್ಟಗೆ ಬಂದು ಮೂಲಂಗಿಯನ್ನು ಮುವಾಳ ಎದೆಗೆ ಒತ್ತಿದಳು.

"ತಡ ಮಾಡ್ದೆ ಕಣೇ," ಎಂದಳು. "ನಾನು ಸಾಯೋದ್ರೊಳಗೆ ಹೇಳ್ತೀಯೋ ಇಲ್ವೋ ಅಂದ್ಕೊಂಡಿದ್ದೆ."

ಆಮೇಲೆ ಹ್ವೆತೋನ ಕಡೆ ತಿರುಗಿದಳು. "ಏನಣ್ಣ, ಬೀದಿ ಬಾಯಲ್ಲೇ ನಿಂತ್ಯಲ್ಲ. ಒಳಗೆ ಬಂದ್ರೆ ಟಯರಿಗೆ ಕೆಸರಾಗುತ್ತಾ?"

ಸುತ್ತಲಿನವರು ಗೊಳ್ಳೆಂದು ನಕ್ಕರು. ಹ್ವೆತೋನ ಕಿವಿ ಕೆಂಪಾಯಿತು. ಅವನು ಏನೋ ಹೇಳಲು ಬಾಯಿ ತೆರೆದ, ಅವನ ಹಲ್ಲಿಲ್ಲದ ಬಾಯಿ ನೋಡಿ ಪೋಚೂವಿನ ಮುಖ ಮೆತ್ತಗಾಯಿತು. ಅವನು ಗಾಡಿ ಹತ್ತಿ ಕೂತ. ಚಕ್ರ ಹಿಂಬೀದಿಗೆ ತಿರುಗಿತು. ನಿಧಾನವಾಗಿ, ಶವಯಾತ್ರೆಗಿಂತಲೂ ನಿಧಾನವಾಗಿ ಓಡಿಸಿದ. ಮೂರನೆಯ ಮನೆಯ ಮುಂದೆ ಮೊದಲ ಪಟಾಕಿ ಸರ ಹೊತ್ತಿಕೊಂಡಿತು. ಆಮೇಲೆ ಕಾಲುವೆಯವರೆಗೂ ಪಟಾಕಿ ನಿಲ್ಲಲಿಲ್ಲ. ಮನೆ ಮನೆಯವರೂ ಕೊಟ್ಟು ಮುವಾಳ ಕೊರಳಲ್ಲಿ ಮೂಲಂಗಿಗಳ ಹಾರವೇ ಆಯಿತು, ಭಾರಕ್ಕೆ ಕತ್ತು ಬಾಗಿ ಅವಳು ಇನ್ನಷ್ಟು ವಿನಯವಂತೆಯಾಗಿ ಕಂಡಳು. ಕಾಲುವೆಯ ದಂಡೆಯಲ್ಲಿ ಸ್ಯೂಗೀ ಇಳಿದು ಕೆಸರಿನಲ್ಲಿ ಕೂತ ದೋಣಿಗಳನ್ನು ಒಂದೊಂದಾಗಿ ನೋಡಿದಳು. ಗೆದ್ದರೆ ಮೊದಲು ಇಲ್ಲಿಂದಲೇ ಹೂಳು ತೆಗೆಸುವುದು ಎಂದಳು. ಗಾಡಿಯ ಹಿಂದೆ ಬಂದಿದ್ದ ಚಿಪ್ಪಿನವರಲ್ಲಿ ಯಾರೂ ನಗಲಿಲ್ಲ.

ಮರುದಿನ ಮತದಾನ ಮುಗಿಯುತ್ತಿದ್ದಂತೆ ಶಾಲೆಯ ಕೋಣೆಗಳಲ್ಲಿ ಎಣಿಕೆ ಆರಂಭವಾಯಿತು. ಅಲ್ಲಿ ಪ್ರತಿ ಮತಪತ್ರವನ್ನೂ ಎತ್ತಿ ತೋರಿಸಿ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಗೋಡೆಯ ಹಾಳೆಯ ಮೇಲೆ ಗೀಟು ಎಳೆಯುತ್ತಾರೆ, ಜನ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಹ್ವೆತೋ ಹಿಂಬೀದಿಯ ಪೆಟ್ಟಿಗೆ ತೆರೆಯುವ ಕೋಣೆಗೆ ಹೋಗಿ, ತೋಳು ಕಟ್ಟಿ ಎಲ್ಲರಿಗಿಂತ ಮುಂದೆ ನಿಂತ. ಅವನ ಹಿಂದೆ ಮುವಾ, ಅವಳ ಪಕ್ಕದಲ್ಲಿ ಪೋಚೂ.

ಮೊದಲ ಪತ್ರ ಸ್ಯೂಗೀಗೆ. ಎರಡನೆಯದೂ. ಮೂರನೆಯದು ಆ ಕಡೆಯವರಿಗೆ. ಆಮೇಲೆ ಸ್ಯೂಗೀ, ಸ್ಯೂಗೀ, ಸ್ಯೂಗೀ. ಓದುವ ಮೇಷ್ಟರು ಬಾಯಿ ಒಣಗಿ ನೀರು ಕೇಳಿದರು. ಹ್ವೆತೋ ಅವರೊಂದಿಗೆ ತಾನೂ ಕೂಗತೊಡಗಿದ್ದ. ಅಧಿಕಾರಿ, ಸುಮ್ಮನಿರದಿದ್ದರೆ ಹೊರಗೆ ಹಾಕಿಸುತ್ತೇನೆ ಎಂದು ಗದರಿದಾಗ ಅವನು ಮಗುವಿನಂತೆ ಬಾಯಿಗೆ ಕೈ ಮುಚ್ಚಿಕೊಂಡ. ಗೋಡೆಯ ಹಾಳೆ ತುಂಬಿ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಪೋಚೂ ಮುವಾಳ ಸೊಂಟಕ್ಕೆ ಮೊಣಕೈಯಿಂದ ತಿವಿದಳು, ಮುವಾ ಅವಳಿಗೆ ತಿರುಗಿ ತಿವಿದಳು. ಸೂರ್ಯ ಇನ್ನೂ ಕಡಲಿಗಿಳಿದಿರಲಿಲ್ಲ, ಆಗಲೇ ಪಕ್ಷ ಗೆದ್ದಾಗಿತ್ತು.

ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಂಪಿ ಹಾಕಿದ ಶ್ಯಾವಿಗೆಯ ಹಂಡೆ ಬಂತು. ಗೆದ್ದದ್ದು ನಮ್ಮ ಗಟ್ಟಿತನದಿಂದ ಎಂದು ಚಿಪ್ಪಿನವರು, ನಮ್ಮ ಮೆತ್ತನೆಯ ಮಾತಿನಿಂದ ಎಂದು ಗಂಜಿಯವರು ಆಗಲೇ ವಾದಕ್ಕೆ ಇಳಿದಿದ್ದರು. ಸೋತ ಕಚೇರಿಯಲ್ಲಿ ಕೇಳಿದ್ದ ಜಗಳಕ್ಕಿಂತ ಇದು ಎಷ್ಟೋ ಇಂಪು ಎನ್ನಿಸಿ ಮುವಾ ಬಟ್ಟಲು ಹಿಡಿದು ಗಂಡನ ಫೋಟೊದ ಕೆಳಗೆ ಕೂತಳು. ಹ್ವೆತೋ ಜನರನ್ನು ಸರಿಸಿಕೊಂಡು ಅವಳ ಬಳಿ ಬಂದು ನಿಂತ. ಹಿರಿಯನೆಂದು ಅವಳು ಏಳಲು ಹೋದಳು. ಕೂತ್ಕೋ ಎಂದು ಅವನು ಕೈಯಾಡಿಸಿದ. ಕೀಲಿಗೊಂಚಲನ್ನು ತಿರುಗಿಸುತ್ತ ಬೇರೆಲ್ಲೋ ನೋಡಿಕೊಂಡು ಕೇಳಿದ.

"ನಾಳೆ ಉಪಕಾರ ಹೇಳೋಕೆ ಹೋಗ್ಬೇಕಲ್ಲ. ಗಾಡಿ ಎಲ್ಲಿಂದ ಶುರು ಮಾಡ್ಲಿ?"

ಅವನು ಅವಳಲ್ಲಿ ದಾರಿ ಕೇಳಿದ್ದು ಅದೇ ಮೊದಲು. ಮುವಾ ಶ್ಯಾವಿಗೆ ನುಂಗಿ ಬಾಯಿ ಒರೆಸಿಕೊಂಡಳು.

"ಮೊದಲು ಮಾರುಕಟ್ಟೆ ಬೀದಿ, ಭಾವ."

"ಅಲ್ಲಿರೋರೆಲ್ಲ ಆ ಕಡೆಯವರು. ಒಬ್ಬನೂ ನಮಗೆ ಹಾಕಿಲ್ಲ."

"ಹೌದು. ಅದಕ್ಕೇ ಬೇಗ ಹೋಗ್ಬೇಕು. ಹಿಂಬೀದಿಗೆ ಹೋಗೋಕೆ ತಡ ಮಾಡಿದ್ದು ಸಾಕು."

ಹ್ವೆತೋ ಅವಳನ್ನೂ ಕೀಲಿಯನ್ನೂ ನೋಡಿದ. ಈ ಹೆಂಗಸಿಗೆ ಹುಚ್ಚು ಎಂದು ಎಲ್ಲರಿಗೂ ಕೇಳುವಂತೆ ಗೊಣಗಿ, ಬಂಕ್ ಮುಚ್ಚುವ ಮೊದಲು ಪೆಟ್ರೋಲ್ ಹಾಕಿಸಿಕೊಂಡು ಬರಲು ಹೊರಟ.