ನಡೆಯುವ ತೆಂಗಿನಮರದ ಮೇಷ್ಟ್ರು

ತೆಂಗಿನಮರವೊಂದು ತನ್ನ ಕಾಯಿ ತಾನೇ ಮಾರಲು ಸಂತೆಗೆ ಹೊರಟ ತಮಾಷೆ ಹಾಡನ್ನು ಬಿಳಿಗೆರೆ ಶಾಲೆಯ ನಮ್ಮ ಡ್ರಾಯಿಂಗ್ ಮೇಷ್ಟ್ರು ನಾಟಕವಾಗಿಸಿದ್ದರು, ಚಿತ್ರಪುಸ್ತಕವನ್ನೂ ಬರೆದಿಟ್ಟಿದ್ದರು. ನಾಟಕ ಗೆದ್ದರೆ ಪುಸ್ತಕ ಅಚ್ಚು ಹಾಕಿಸುವುದಾಗಿ ಹೆಡ್ಮಾಷ್ಟ್ರು ಮಾತು ಕೊಟ್ಟಿದ್ದರು. ತಾಲೀಮಿನಲ್ಲಿ ನಾವೆಷ್ಟು ತಪ್ಪು ಮಾಡಿದರೂ ಮೇಷ್ಟ್ರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಇರ್ಲಿ ಬುಡ್ಲಾ, ಚೆಂದಾಗೈತೆ" ಎನ್ನುತ್ತಿದ್ದರು.

ನಾಟಕದಲ್ಲಿ ಮರ ನಾನೇ. ಕಾಗದದ ಕಾಯಿ ಸಪ್ಪೆ ಎನಿಸಿ, ಮಹಾಬುದ್ಧಿವಂತ ನಾನು ಮೈಗೆ ನಿಜವಾದ ಎಳನೀರು ಕಟ್ಟಿಕೊಂಡೆ. ವೇದಿಕೆ ಮೇಲೆ ಕುಣಿದದ್ದೇ ತಡ, ಒಂದು ಕಳಚಿ ಮುಂದೆ ಕೂತಿದ್ದ ಹೆಡ್ಮಾಷ್ಟ್ರ ಕಾಲಬಳಿ ಬಿತ್ತು. ತೆಂಗು ಬೆಳೆಯುವ ಜನ, ಮರ ಅಲುಗಿದರೆ ಕೂರುತ್ತಾರೆಯೇ? ಮುಂದಿನ ಸಾಲು ಪೂರ್ತಿ ಎದ್ದು ಓಡಿತು.

ವೇದಿಕೆ ಪಕ್ಕ ಹಾಡುತ್ತಿದ್ದ ಮೇಷ್ಟ್ರು ಹಾಡು ನಿಲ್ಲಿಸದೆ ಓಡಿದವರನ್ನೆಲ್ಲ ಪದ್ಯಕ್ಕೆ ಸೇರಿಸಿದರು. ಹಿಂದಿನ ಸಾಲು ಬಿದ್ದು ಬಿದ್ದು ನಕ್ಕಿತು.

"ಪುಸ್ತಕ ಹಾಕಿಸ್ತೀನಿ ಕಣ್ರೀ," ಬಾಗಿಲಾಚೆಯಿಂದ ಹೆಡ್ಮಾಷ್ಟ್ರು ಕೂಗಿದರು, "ಮೊದ್ಲು ಆ ಮರಾನ ಹಿಡ್ಕೊಳ್ರೀ!"