ಜಿಗಣಿಗೆ ಎರಡು ಮೂಟೆ ಬೋಲ್ಟು

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಮಾಕಳಿಯ ಸ್ಟಾಪಿನಲ್ಲಿ ನಾನು ಮತ್ತು ಯಮನಪ್ಪ ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ನಮ್ಮ ಕಾಲ ಬಳಿ ಎರಡು ಗೋಣಿಮೂಟೆ. ಒಂದೊಂದೂ ಇಪ್ಪತ್ತು ಕಿಲೋ ತೂಗುತ್ತಿತ್ತು. ಒಳಗಿದ್ದದ್ದು ಆರುನೂರು ಕೊಕ್ಕೆ ಬೋಲ್ಟು: ಒಂದು ತುದಿ ಕೊಡೆಯ ಹಿಡಿಯ ಹಾಗೆ ಬಾಗಿದ್ದು, ಇನ್ನೊಂದು ತುದಿಗೆ ನಟ್ಟು. ತಗಡಿನ ಚಾವಣಿಯನ್ನು ಕೆಳಗಿನ ಪೈಪಿಗೆ ಬಿಗಿಯುವುದು ಇಂಥದ್ದರಿಂದಲೇ. ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷದಿಂದ ನಾನು ಮಾಡುತ್ತಾ ಬಂದ ಕೆಲಸ ಅದು.

ಆ ವಾರದ ಮಂಗಳವಾರ ಬಂಗಾಳ ಕೊಲ್ಲಿಯ ಚಂಡಮಾರುತ ತಮಿಳುನಾಡಿನ ದಡ ಹತ್ತಿತ್ತು. ಬೆಂಗಳೂರಿಗೆ ಅದರ ಬಾಲ ಮಾತ್ರ ತಗುಲಿದ್ದು. ಆದರೆ ಒಂದು ರಾತ್ರಿ, ಒಂದು ಹಗಲು ಬೀಸಿದ ಗಾಳಿಗೆ ಜಿಗಣಿಯ ಹತ್ತಿರ ಕೆರೆ ಅಂಗಳದಲ್ಲಿದ್ದ ಇಪ್ಪತ್ತೆರಡು ಶೆಡ್ಡುಗಳ ತಗಡು ಹಾರಿಹೋಗಿ, ಮೊಣಕಾಲುದ್ದ ನೀರು ನುಗ್ಗಿತ್ತು. ಅಲ್ಲಿದ್ದವರೆಲ್ಲ ಕುಷ್ಟಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ನನ್ನ ಪಕ್ಕದ ಮೆಷಿನ್ನಿನ ಯಮನಪ್ಪನ ಅಕ್ಕ ಮಲ್ಲವ್ವ, ಭಾವ ದುರುಗಪ್ಪ ಅವರೊಳಗೆ ಇಬ್ಬರು. ಹಾರಿಬಂದ ತಗಡು ಬಡಿದು ದುರುಗಪ್ಪನ ಎಡಗೈ ಮುರಿದಿತ್ತು. ಇನ್ನೊಂದು ಮಳೆ ಮುಂದಿನ ಮಂಗಳವಾರದ ಹೊತ್ತಿಗೆ ಬರುತ್ತದೆ ಎಂದು ರೇಡಿಯೋದವರು ಹೇಳಿದ್ದರು.

ಗುರುವಾರ ಯಮನಪ್ಪ ಇದನ್ನೆಲ್ಲ ಹೇಳುವಾಗ ನಾನು ಕೇಳಿದ್ದು ಒಂದೇ. "ತಗಡನ್ನ ಯಾತರಿಂದ ಬಿಗಿದಿದ್ರು?"

"ಬಿಗಿಯೋದೇನು ಬಂತಣ್ಣ, ಮ್ಯಾಲೆ ಕಲ್ಲು ಹೇರಿದ್ರು."

ಯಜಮಾನರ ಹತ್ತಿರ ಹೋಗಿ ಮೂಲೆಯಲ್ಲಿ ಬಿದ್ದಿದ್ದ ತುಂಡು ಸರಳುಗಳನ್ನು ಕೇಳಿದೆ. "ತಗೊಳ್ಳಿ, ಮೆಷಿನ್ ಮಾತ್ರ ಕ್ಲೀನ್ ಮಾಡಿಟ್ಟು ಹೋಗಿ" ಅಂದರು. ಎರಡು ಸಂಜೆ ಆರು ಜನ ನಿಂತು ಆರುನೂರು ಬೋಲ್ಟು ಮಾಡಿದೆವು. ಸೋಮವಾರದಿಂದ ಬುಧವಾರ ಮಧ್ಯಾಹ್ನದವರೆಗೆ ನಾನೂ ಯಮನಪ್ಪನೂ ರಜೆ ಹಾಕಿದೆವು.

ಬಸ್ಸು ಬಂತು. ತುಮಕೂರು ರಸ್ತೆಯುದ್ದಕ್ಕೂ ಮೆಟ್ರೋ ಕಂಬಗಳು ತಲೆಯ ಮೇಲೆ ಏನೂ ಇಲ್ಲದೆ ನಿಂತಿದ್ದವು. ಜಾಲಹಳ್ಳಿ ಕ್ರಾಸಿನಲ್ಲಿ ಇಪ್ಪತ್ತು ನಿಮಿಷ ಹೋಯಿತು. ಮೆಜೆಸ್ಟಿಕ್ಕಿನಲ್ಲಿ ಇಡ್ಲಿ ತಿಂದು ಜಿಗಣಿ ಬಸ್ಸು ಹತ್ತುವಾಗ ಕಂಡಕ್ಟರು ಮೂಟೆಯನ್ನು ಕಾಲಿನಿಂದ ತಳ್ಳಿ ನೋಡಿದ. ಅದು ಅಲುಗಲಿಲ್ಲ.

"ಏನ್ ಗುರು ಇದು, ಕಬ್ಬಿಣದ ಅಂಗಡೀನೇ ತಂದ್ಬಿಟ್ಟಿದೀಯಾ?"

ವಿಷಯ ಹೇಳಿದೆ. ಅವನು ಎರಡು ಲಗೇಜು ಟಿಕೆಟ್ ಹರಿದ. "ಡ್ರೈವರ್ ಹಿಂದ್ಗಡೆ ಇಡಿ. ಬ್ರೇಕ್ ಹಾಕ್ದಾಗ ಉರುಳ್ದೇ ಇರ್ಲಿ" ಅಂತ ತಾನೇ ಒಂದನ್ನು ಸರಿಸಿ ಕೊಟ್ಟ.

ಜಿಗಣಿಗೆ ಮೂವತ್ತು ಕಿಲೋಮೀಟರು. ಆದರೆ ಬನ್ನೇರುಘಟ್ಟ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ನಿಂತಿತು. ಕೋಡಿ ಬಿದ್ದ ಕೆರೆಯ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. "ಮುಂದಕ್ಕೆ ಹೋಗಲ್ಲ, ಇಳೀರಿ" ಅಂದ ಡ್ರೈವರು. ಒಬ್ಬೊಬ್ಬರು ಒಂದೊಂದು ಮೂಟೆ ಹೆಗಲಿಗೇರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದೆವು. ನೀರು ಮೀನಖಂಡದಷ್ಟಿತ್ತು, ಸೆಳೆತವಿತ್ತು. ಆಚೆ ದಡಕ್ಕೆ ಹೋಗಿ ಮೂಟೆ ಇಳಿಸಿದಾಗ ನನ್ನ ಭುಜ ನನ್ನದಲ್ಲ ಅನ್ನಿಸಿತು.

ಹಿಂದಿನಿಂದ ನೀಲಗಿರಿ ತೊಲೆಗಳನ್ನು ಹೇರಿಕೊಂಡು ಒಂದು ಟ್ರ್ಯಾಕ್ಟರು ಅದೇ ನೀರು ದಾಟಿ ಬಂತು. ಮಡ್‌ಗಾರ್ಡಿನ ಮೇಲೆ ಅರವತ್ತು ದಾಟಿದ ಒಬ್ಬ ಹೆಂಗಸು ಕೊಡೆ ಬಿಚ್ಚಿಕೊಂಡು ಕೂತಿದ್ದರು. ಟ್ರ್ಯಾಕ್ಟರು ನಿಲ್ಲಿಸಿ ಕೇಳಿದರು.

"ಯಾವೂರಪ್ಪ ನಿಮ್ದು? ಮೂಟೇಲೇನೈತೆ?"

"ಬೋಲ್ಟ್ ಕಣಮ್ಮ. ಜಿಗಣಿ ಹತ್ರ ಶೆಡ್ ಬಿದ್ದೋಗಿವೆಯಲ್ಲ, ಅದಕ್ಕೆ."

"ಅಂಗಾದ್ರೆ ಅತ್ಕೊಳಿ. ನನ್ ತೊಲೆಗಳೂ ಅಲ್ಲಿಗೇ ಓಗ್ತಾ ಅವೆ."

ಅವರ ಹೆಸರು ಗೌರಮ್ಮ, ಶೆಡ್ಡುಗಳಿದ್ದ ಕೆರೆಯ ಊರಿನವರು. ಅವರ ಜಮೀನಿನಲ್ಲಿ ಬಹುಪಾಲು ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಈಗ ಎತ್ತರದಲ್ಲಿ ಒಂದು ತುಂಡು ನೆಲ ಉಳಿದಿತ್ತು. ಕೆರೆಯಿಂದ ಎದ್ದ ಇಪ್ಪತ್ತೆರಡು ಸಂಸಾರಗಳಿಗೆ ಅದನ್ನೇ ಬಿಟ್ಟುಕೊಟ್ಟಿದ್ದರು. ಅಲ್ಲಿದ್ದ ನೀಲಗಿರಿ ಸಾಲದೆ ಬನ್ನೇರುಘಟ್ಟದ ತಮ್ಮನ ತೋಪಿನಿಂದ ತೊಲೆ ಕಡಿಸಿ ತರುತ್ತಿದ್ದರು.

"ದೊಡ್ಡ ಮನಸ್ಸು ನಿಮ್ದು" ಅಂದೆ.

"ಮನಸ್ಸೂ ಇಲ್ಲ ಮಣ್ಣೂ ಇಲ್ಲ ಕಣಪ್ಪ" ಅಂದರು ಗೌರಮ್ಮ. "ಆ ಶೆಡ್ ಆಕ್ದಾಗ ಅದು ನೀರು ಬರೋ ಜಾಗ ಅಂತ ಊರ್ನೋರ್ಗೆಲ್ಲ ಗೊತ್ತಿತ್ತು. ಯಾರೂ ಒಂದು ಮಾತು ಏಳ್ಲಿಲ್ಲ. ನಾನೂ ಏಳ್ಲಿಲ್ಲ."

ಹನ್ನೊಂದೂವರೆಗೆ ತಲುಪಿದೆವು. ಎತ್ತರದ ನೆಲದಲ್ಲಿ ಸುಣ್ಣದ ಪುಡಿಯಿಂದ ಇಪ್ಪತ್ತೆರಡು ಚೌಕ ಎಳೆದಿತ್ತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ನೀರು ಹರಿಯಲು ಕಾಲುವೆ ತೋಡಿದ್ದರು. ಅಳತೆಯ ದಾರ ಹಿಡಿದುಕೊಂಡು ಆ ಚೌಕಗಳ ನಡುವೆ ಓಡಾಡುತ್ತಿದ್ದವಳೇ ಮಲ್ಲವ್ವ. ನಲವತ್ತರ ಆಸುಪಾಸು, ಗಟ್ಟಿ ಆಳು, ಸೀರೆಯ ಮೇಲೆ ಗಂಡಸಿನ ಅಂಗಿ. ಉಳಿದವರು ಊರಿನ ಶಾಲೆಯ ಜಗಲಿಯಲ್ಲಿ ಐದು ದಿನ ಮಲಗಿದ್ದವರು, ಈಗ ಸಲಾಕೆ, ಗುದ್ದಲಿ ಹಿಡಿದು ಗುಂಡಿ ತೆಗೆಯುತ್ತಿದ್ದರು.

ಒಂದು ಕಲ್ಲಿನ ಮೇಲೆ ದುರುಗಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಪಕ್ಕದಲ್ಲಿ ಬಿಗಿದು ಕಟ್ಟಿದ ಚೀಲ.

"ಬಂದದ್ದು ಚೊಲೋ ಆತ್ರಿ" ಅಂದ. "ಆದ್ರ ನಾವು ಮಂಗಳವಾರ ಸಂಜಿ ಬಸ್ಸಿಗೆ ಊರಿಗೆ ಹೊಂಟೀವಿ. ಸಾಕಾತು. ಜೀವ ಉಳದದ್ದ ದೊಡ್ಡದು."

ಮಲ್ಲವ್ವ ದಾರ ಬಿಡದೆ ಅಲ್ಲಿಂದಲೇ ಹೇಳಿದಳು. "ಅಂವ ಹೊಂಟಾನ್ರಿ. ನಾನಲ್ಲ. ಮಗಳು ಇಲ್ಲೇ ಏಳನೇತ್ತಾ ಓದಾಕತ್ತಾಳ, ಆಕಿನೂ ಅಲ್ಲ." ಆಮೇಲೆ ಹತ್ತಿರ ಬಂದು ನಿಂತಳು. "ಹದಿನಾಕು ಮಾಳಿಗಿ ಅಪಾರ್ಟ್‌ಮೆಂಟಿಗೆ ಕಂಬಿ ಕಟ್ಟೀನ್ರಿ ನಾನು. ಒಂದು ಗಂಟು ಸಡ್ಲಾಗಿಲ್ಲ. ಹತ್ತು ಫೂಟಿನ ನನ್ನ ಮನಿ ಯಾಕ ಹಾರಬೇಕು? ಯಾಕಂದ್ರ ಅದನ್ನ ನಾವು ಕಟ್ಟಿರ್ಲೇ ಇಲ್ಲ. ನಾಕ ದಿನ ಇರೋರು ಅಂತ ತಗಡು ಒಗದು ಕಲ್ಲಿಟ್ಟಿದ್ವಿ. ನಾಕ ದಿನ ಹೋಗಿ ಆರು ವರ್ಷ ಆತು."

ದುರುಗಪ್ಪ ಮುಖ ತಿರುಗಿಸಿದ. ನಾನು ಮಾತು ಬದಲಿಸಲು ಮೂಟೆ ಬಿಚ್ಚಿ ಒಂದು ಬೋಲ್ಟನ್ನು ಅವಳ ಕೈಗೆ ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ.

ಅವಳು ಅದನ್ನು ತಿರುಗಿಸಿ ನೋಡಿ, ಟ್ರ್ಯಾಕ್ಟರಿನಿಂದ ಇಳಿಸಿದ್ದ ತೊಲೆಯೊಂದಕ್ಕೆ ಸಿಕ್ಕಿಸಲು ಹೋದಳು. ಕೊಕ್ಕೆ ತೊಲೆಯ ಅರ್ಧವನ್ನೂ ಹಿಡಿಯಲಿಲ್ಲ. ಇನ್ನೊಂದು ತೊಲೆ, ಮತ್ತೊಂದು ತೊಲೆ. ಒಂದಕ್ಕೂ ಕೂರಲಿಲ್ಲ.

ನಾನು ಬಗ್ಗಿಸಿದ್ದು ಒಂದೂವರೆ ಇಂಚಿನ ಕಬ್ಬಿಣದ ಪೈಪಿಗೆ. ಇವು ಮೂರು ಇಂಚಿನ ಮರ. ಅಲ್ಲಿ ಏನು ಹಾಕುತ್ತೀರಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಹದಿನೆಂಟು ವರ್ಷ ಮಾಡಿದವನಿಗೆ ಕೇಳುವುದೇನಿದೆ ಅಂದುಕೊಂಡಿದ್ದೆ. ಯಮನಪ್ಪ ನೆಲ ನೋಡುತ್ತಿದ್ದ. ಗುಂಡಿ ತೋಡುತ್ತಿದ್ದವರೂ ಒಬ್ಬೊಬ್ಬರಾಗಿ ನಿಂತು ನೋಡಿದರು.

"ತಪ್ಪಾಯ್ತು ಕಣಮ್ಮ" ಅಂದೆ. "ಅಳತೆ ಕೇಳ್ಬೇಕಿತ್ತು."

ಮಲ್ಲವ್ವ ಬೈಯಲಿಲ್ಲ. ಬೋಲ್ಟನ್ನು ಕಲ್ಲಿನ ಮೇಲಿಟ್ಟು ಅದರ ಡೊಂಕಿನ ಮೇಲೆ ಬೆರಳಾಡಿಸಿದಳು. "ಅಣ್ಣಾರ, ಇದರ ಡೊಂಕು ಬಿಡಿಸಿದ್ರ ಎಷ್ಟು ಉದ್ದ ಆಕ್ಕತಿ?"

"ಆರು ಇಂಚು."

"ಹಂಗಾರ ತೊಲಿಗೆ ತೂತು ಹೊಡದು ನೆಟ್ಟಗ ಇಳಸೂನು. ಕೆಳಗ ಬಂದ ಬಾಲ ಬಡದು ಮಡಚಿದ್ರ ಆತು. ಹಿಡಿಯೂದಿಲ್ಲೇನು?"

ಹಿಡಿಯುತ್ತಿತ್ತು. ನನ್ನ ಕೊಕ್ಕೆಗಿಂತ ಭದ್ರವಾಗಿಯೇ ಹಿಡಿಯುತ್ತಿತ್ತು.

ಆದರೆ ತೂತು ಕೊರೆಯಲು ಕರೆಂಟಿರಲಿಲ್ಲ, ಕಂಬಗಳು ಇನ್ನೂ ಮಲಗಿದ್ದವು. ಗೌರಮ್ಮ ಊರೊಳಗೆ ಹೋಗಿ, ಬಡಗಿ ಕೆಲಸ ಬಿಟ್ಟು ಕಾರ್ಖಾನೆ ಸೇರಿದ್ದವರ ಮನೆಗಳ ಅಟ್ಟ ಹುಡುಕಿಸಿ, ಕೈಯಿಂದ ತಿರುಗಿಸುವ ಮೂರು ಬೈರಿಗೆ ತಂದರು. ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಹಾಕಿ ಉಜ್ಜಿ, ಅಲಗು ಮಸೆದು ಕೊಟ್ಟೆ. ಅದು ನನಗೆ ಗೊತ್ತಿದ್ದ ಕೆಲಸ. ಅವತ್ತು ಕತ್ತಲಾಗುವವರೆಗೆ ನಾನೂ ಯಮನಪ್ಪನೂ ಒಂದು ಪೈಪಿನ ತುಂಡು ಹಿಡಿದು, ನಾವೇ ಬಗ್ಗಿಸಿದ ಕೊಕ್ಕೆಗಳನ್ನು ನಾವೇ ನೆಟ್ಟಗೆ ಮಾಡಿದೆವು.

ಸೋಮವಾರ ಮೋಡವಿದ್ದರೂ ಮಳೆ ಬರಲಿಲ್ಲ. ಕೆಲಸ ನಾನು ಎಣಿಸಿದ್ದಕ್ಕಿಂತ ಬೇಗ ಸಾಗಿತು. ದಿನವೂ ಬೇರೆಯವರಿಗೆ ಕಟ್ಟುವ ಐವತ್ತು ಜನ ಆವತ್ತು ತಮಗಾಗಿ ನಿಂತಿದ್ದರು. ಹೆಂಗಸರು ಗುಂಡಿಗೆ ತೊಲೆ ನಿಲ್ಲಿಸಿ ಕಲ್ಲು ಜಡಿದರು. ಗಂಡಸರು ಅಡ್ಡತೊಲೆ ಏರಿಸಿದರು. ಡೊಂಕಾದ ತಗಡುಗಳನ್ನು ಕೆರೆಯಿಂದ ಎತ್ತಿ ತಂದು, ಹಲಗೆಯ ಮೇಲಿಟ್ಟು ತಟ್ಟಿ ನೇರ ಮಾಡಿದರು. ಮಧ್ಯಾಹ್ನ ಗೌರಮ್ಮನ ಮನೆಯಿಂದ ರಾಗಿ ಮುದ್ದೆ, ಹುರುಳಿ ಸಾರು ಬಂತು. ಕುಷ್ಟಗಿಯವರಿಗೆ ಮುದ್ದೆ ನುಂಗುವುದು ಆರು ವರ್ಷವಾದರೂ ಬಂದಿರಲಿಲ್ಲ. ಅವರು ಅಗಿಯುವುದನ್ನು ನೋಡಿ ಗೌರಮ್ಮ ಮೊದಲ ಸಲ ನಕ್ಕರು. "ಅಲ್ಲಾಡಿಸ್ಬೇಡ್ರೋ ಬಾಯ, ಅಂಗೇ ಇಳಿಸ್ರೋ!"

ಆ ಹೊತ್ತಿಗೆ ಅವರೆಲ್ಲ ದುಡಿಯುತ್ತಿದ್ದ ಕಟ್ಟಡದ ಮೇಸ್ತ್ರಿ ಬೈಕಿನಲ್ಲಿ ಬಂದ. "ಏನಿದು, ಮದುವೆ ಚಪ್ಪರಾನಾ? ತಗಡು ಹೊದಿಸಿ ಕಲ್ಲಿಟ್ಟು ನಾಳೆ ಕೆಲಸಕ್ಕೆ ಬರ್ರಿ" ಅಂದ. ಮಲ್ಲವ್ವ ಕೈ ಒರೆಸಿಕೊಂಡು, "ಬುಧವಾರ ಬರ್ತೀವ್ರಿ, ಎಲ್ಲಾರೂ ಬರ್ತೀವಿ. ನಾಳಿ ನಮ್ಮ ಮನಿ ಕೆಲಸ ಐತಿ" ಅಂದಳು. ಅವನು ಒಂದು ತೊಲೆಯನ್ನು ಅಲುಗಿಸಿ ನೋಡಿ, ಅದು ಅಲುಗದ್ದಕ್ಕೆ ಬೈಕು ತಿರುಗಿಸಿಕೊಂಡು ಹೋದ.

ಮಂಗಳವಾರ ಮಧ್ಯಾಹ್ನ ಒಂದಕ್ಕೆ ಕೊನೆಯ ನಟ್ಟು ತಿರುಗಿಸಿದೆ. ಎರಡಕ್ಕೆ ಗಾಳಿ ಎದ್ದಿತು.

ನಾನು ಮಲ್ಲವ್ವನ ಮನೆಯೊಳಗಿದ್ದೆ. ಅವಳು ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊದಲು ತಗಡಿನ ಮೇಲೆ ಮಳೆ ಚಟಪಟ ಬಿತ್ತು, ಆಮೇಲೆ ಒಂದೇ ಸಮ ಸುರಿಯಿತು. ಮಾತು ಕೇಳಿಸುತ್ತಿರಲಿಲ್ಲ. ಗಾಳಿ ಕೆಳಗಿನಿಂದ ನುಗ್ಗಿ ತಗಡನ್ನು ಎತ್ತಲು ನೋಡುತ್ತಿತ್ತು. ಪ್ರತಿ ಸಲವೂ ಅಡ್ಡತೊಲೆ ಕಿರ್ ಅನ್ನುತ್ತಿತ್ತು. ದುರುಗಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೇಲೆ ನೋಡುತ್ತಾ ಕೂತಿದ್ದ. ನಾನೂ ಮಡಚಿದ ಒಂದೊಂದು ಬಾಲವನ್ನೂ ಕಣ್ಣಿನಿಂದಲೇ ಹಿಡಿದುಕೊಂಡಿದ್ದೆ. ಒಂದು ಸಲ ಎಂಥ ಗಾಳಿ ಬಂತೆಂದರೆ ಒಲೆಯ ಬೆಂಕಿ ಪಕ್ಕಕ್ಕೆ ಮಲಗಿತು, ಮಗಳು ಲಕ್ಷ್ಮಿ ಅವ್ವನ ಬೆನ್ನಿಗೆ ಒತ್ತಿಕೊಂಡಳು. ಮಲ್ಲವ್ವ ರೊಟ್ಟಿ ತಿರುವಿದಳು.

ಮುಕ್ಕಾಲು ಗಂಟೆಯ ಮೇಲೆ ಗಾಳಿ ಇಳಿಯಿತು. ಮಳೆ ಬೀಳುತ್ತಲೇ ಇತ್ತು. ಹೊರಗೆ ಹೋಗಿ ನೋಡಿದೆ. ಇಪ್ಪತ್ತೆರಡೂ ಚಾವಣಿಗಳು ಇದ್ದಲ್ಲೇ ಇದ್ದವು. ಕಾಲುವೆಗಳಲ್ಲಿ ಕೆಂಪು ನೀರು ಸರಸರ ಇಳಿದು ಕೆರೆಯ ಕಡೆಗೆ ಹೋಗುತ್ತಿತ್ತು. ಯಮನಪ್ಪ ಮಳೆಯಲ್ಲೇ ನಿಂತು ಶಿಳ್ಳೆ ಹೊಡೆದ. ಬಾಗಿಲುಗಳಿಂದ ಒಂದೊಂದೇ ತಲೆ ಹೊರಬಂತು.

ಒಳಗೆ ಬಂದಾಗ ದುರುಗಪ್ಪ ಚೀಲವನ್ನು ಹೆಂಡತಿಯ ಕಡೆ ತಳ್ಳುತ್ತಿದ್ದ. "ಒಂದ ಕೈಲೆ ಗಂಟು ಬಿಚ್ಚಾಕ ಆಗವಲ್ದು" ಅಂದ. "ನೀನ ಬಿಚ್ಚು."

ಬುಧವಾರ ಬೆಳಿಗ್ಗೆ ಹೊರಟೆವು. ಮಲ್ಲವ್ವನೂ ಹೊರಟು ನಿಂತಳು. ಬೇಗೂರಿನಲ್ಲಿ ಅವರ ಊರಿನದೇ ಹನ್ನೆರಡು ಸಂಸಾರಗಳಿದ್ದವು. ಅವರ ತಗಡು ಈ ಸಲ ಹಾರಿರಲಿಲ್ಲ, ಆದರೆ ಮೇಲಿದ್ದದ್ದು ಕಲ್ಲೇ. "ಇವತ್ತೊಂದಿನ ನನ್ನ ಪಾಳಿ ನೀವು ಮಾಡ್ರಿ" ಅಂತ ಜೊತೆಗಾರ್ತಿಯರಿಗೆ ಹೇಳಿ ಬಂದಿದ್ದಳು. ಗೌರಮ್ಮ ಒಂದು ಬೈರಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಅವಳ ಕಂಕುಳಿಗೆ ಕೊಟ್ಟರು. "ನಿಧಾನಕ್ಕೆ ಓಗ್ಬನ್ನಿ" ಅಂದರು ನಮಗೆ.

ಆಟೋದಲ್ಲಿ ಬೊಮ್ಮಸಂದ್ರ, ಅಲ್ಲಿಂದ ಹೊಸೂರು ರಸ್ತೆಯ ಬಸ್ಸು. ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗ ಹುಡುಗಿಯರ ನಡುವೆ ಮಲ್ಲವ್ವ ಕಿಟಕಿಯ ಪಕ್ಕ ಕೂತು, ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಒಂದೆರಡು ಗಾಜಿನ ಕಟ್ಟಡಗಳನ್ನು ತೋರಿಸಿ "ಅದು ನಮ್ದು, ಆ ಆಚಿದೂ ನಮ್ದ" ಅಂದಳು. ಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹನ್ನೊಂದಕ್ಕೆ ಬೇಗೂರಿನಲ್ಲಿ ಇಳಿದೆವು.

ಶೆಡ್ಡುಗಳ ಸಾಲು ರಸ್ತೆಗೆ ಕಾಣುವಂತೆಯೇ ಇತ್ತು. ಕೆಲಸಕ್ಕೆ ಹೋಗದೆ ಉಳಿದಿದ್ದ ನಾಲ್ಕೈದು ಜನ ಸುತ್ತ ಸೇರಿದರು. ಮಲ್ಲವ್ವ ವಿಷಯ ಹೇಳಿದಳು. ಒಬ್ಬ ಹಿರಿಯ ತಲೆ ಕೆರೆದುಕೊಂಡ.

"ಮೇಸ್ತ್ರಿ ಬರ್ಲಿ ತಂಗಿ. ಅವ್ರನ್ನೊಂದು ಮಾತು ಕೇಳಿ ಆಮ್ಯಾಲೆ ನೋಡೂನಂತ."

"ಗಾಳಿ ಬರೂ ಮುಂದ ಮೇಸ್ತ್ರಿನ್ನ ಕೇಳಿ ಬರ್ತೈತೇನ್ ಕಾಕಾ?" ಅಂದಳು ಮಲ್ಲವ್ವ. "ಏಣಿ ಎಲ್ಲೈತಿ?"

ಮಧ್ಯಾಹ್ನದ ಕೆಲಸಕ್ಕೆ ನಾವು ಪೀಣ್ಯ ಮುಟ್ಟಬೇಕಿತ್ತು. ಉಳಿದ ಎಪ್ಪತ್ತು ಚಿಲ್ಲರೆ ಬೋಲ್ಟು ಮೂರು ಶೆಡ್ಡಿಗಷ್ಟೇ ಸಾಕು; ಮೊದಲಿಗೆ ಅಷ್ಟಾಗಲಿ ಎಂದು ಅವನ್ನು ಅಲ್ಲೇ ಇಳಿಸಿ, ಬಂದ ಬಸ್ಸು ಹತ್ತಿದೆವು. ಬಸ್ಸು ತಿರುವಿನಲ್ಲಿ ನಿಧಾನವಾದಾಗ ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದೆ. ಮಲ್ಲವ್ವ ಆಗಲೇ ಚಾವಣಿಯ ಮೇಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಕೆಳಕ್ಕೆ ಕೊಡುತ್ತಿದ್ದಳು. ಏಣಿಯ ಬುಡದಲ್ಲಿ ಆ ಹಿರಿಯ ಎರಡೂ ಕೈ ಚಾಚಿ ನಿಂತಿದ್ದ.