ಆರು ಗಂಟು, ಕಾಣದ್ದೊಂದು

ಮಂಜಮ್ಮನಿಗೆ ಸರ್ಕಾರ ಕಲಿಸಿದ ವಿದ್ಯೆ ಹೆರಿಗೆ ಮಾಡಿಸುವುದು. ಅವ್ವ ಕಲಿಸಿದ್ದು ನೂಲು ಕೆಚ್ಚುವುದು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಉದ್ದಕ್ಕೆ ಬಿಗಿದ ಹಳೇ ಹಾಸಿನ ತುದಿಗೆ ಹೊಸ ಹಾಸಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವ ಕೂಲಿ ಅದು. ಬೆರಳಿಗೆ ಬೂದಿ ಸವರಿಕೊಂಡು ಹೊಸೆದರೆ, ಎಲ್ಲಿ ಸೇರಿತೆಂದು ನೇಯುವವನಿಗೂ ತಿಳಿಯಬಾರದು. ನರ್ಸ್ ತರಬೇತಿಗೆ ಚಿತ್ರದುರ್ಗಕ್ಕೆ ಹೋಗುವ ಹಿಂದಿನ ದಿನದವರೆಗೂ ಅವಳ ಬೆರಳಲ್ಲಿ ಬೂದಿ ಇತ್ತು.

ಎರಡು ಸಾವಿರದ ಒಂದರಲ್ಲಿ ಅವಳು ಕೆಲಸ ಮಾಡುತ್ತಿದ್ದ ಹೋಬಳಿ ಆಸ್ಪತ್ರೆಗೆ ಸುಧಾರಣೆ ಬಂತು. ಆರೋಗ್ಯ ವ್ಯವಸ್ಥೆ ಸುಧಾರಿಸುವ ಯೋಜನೆಯಡಿ ಹೊಸ ಹೆರಿಗೆ ವಾರ್ಡು ಎದ್ದಿತು: ನಲ್ಲಿ ತಿರುಗಿಸಿದರೆ ನೀರು, ಸ್ಟೀಲಿನ ಮೇಜು, ಕೂಸನ್ನು ಬೆಚ್ಚಗಿಡುವ ಯಂತ್ರ. ಅದೇ ವಾರ ಹಳೇ ಹೆರಿಗೆ ಕೋಣೆಯನ್ನು ಕೆಡವಿದರು. ಹೊಸ ಬಾಗಿಲಿಗೆ ಬೀಗ ಹಾಕಲಿಲ್ಲ, ಬೀಗಕ್ಕಿಂತ ಗಟ್ಟಿಯಾದದ್ದನ್ನು ಹಾಕಿದರು: ಅಡ್ಡಕ್ಕೆ ಕೆಂಪು ರಿಬ್ಬನ್ನು, ಎರಡೂ ತುದಿಗೆ ಅರಗಿನ ಮೊಹರು. ಮಂತ್ರಿಗಳು ಬಂದು ಕತ್ತರಿಸಬೇಕು. ಮಂತ್ರಿಗಳಿಗೆ ಬಿಡುವಿರಲಿಲ್ಲ. ಹೀಗಾಗಿ ಸುಧಾರಣೆ ಒಳಗೆ ಪ್ಲಾಸ್ಟಿಕ್ ಹೊದ್ದುಕೊಂಡು ಸುಧಾರಿಸಿಕೊಳ್ಳುತ್ತಿತ್ತು.

ಹನ್ನೊಂದನೇ ದಿನ ಮಧ್ಯಾಹ್ನ ನೇಕಾರರ ಲಕ್ಷ್ಮೀದೇವಿ ಆಟೋದಲ್ಲಿ ನರಳುತ್ತಾ ಬಂದಳು. ರಿಬ್ಬನ್ನು ಸರಿಯಾಗಿ ಅವಳ ಹೊಟ್ಟೆಯ ಮಟ್ಟಕ್ಕಿತ್ತು.

"ಬಗ್ಗಿ ನುಸುಳವ್ವ," ಅಂದ ಅಟೆಂಡರ್ ಕಾಟಪ್ಪ.

"ಬಗ್ಗೋ ಹೊಟ್ಟೆ ಏನೋ ಇದು?" ಅಂದಳು ಅವಳು, ಆ ನೋವಿನಲ್ಲೂ. ಬಗ್ಗಲು ಆಗಿದ್ದರೂ ಅವಳು ಬಗ್ಗುತ್ತಿರಲಿಲ್ಲ. ಬಿಗಿದ ನೂಲಿನ ಕೆಳಗೆ ಬಸುರಿ ನುಸುಳಿದರೆ ಕೂಸಿನ ಕೊರಳಿಗೆ ಬಳ್ಳಿ ಸುತ್ತಿಕೊಳ್ಳುತ್ತದೆಂದು ಮಗ್ಗದ ಮನೆಯವರ ನಂಬಿಕೆ. "ಬೇಕಾದ್ರೆ ಇಲ್ಲೇ ಮೆಟ್ಟಿಲ ಮೇಲೆ ಹಡೀತೀನಿ!"

ಡಾಕ್ಟರ್ ವಿಶ್ವನಾಥ್ ಒಳ್ಳೆಯವರು, ಪಿಂಚಣಿಗೆ ಎರಡೇ ವರ್ಷ ಉಳಿದಿದ್ದರಿಂದ ಇನ್ನೂ ಒಳ್ಳೆಯವರಾಗಿದ್ದರು. "ಬಳ್ಳಾರಿಗೆ ಕಳಿಸೋಣ ಸಿಸ್ಟರ್. ರಿಬ್ಬನ್ ಮುಟ್ಟಿದ್ರೆ ಸಸ್ಪೆಂಡ್ ಮಾಡ್ತಾರೆ."

ಮಂಜಮ್ಮ ಹೊಟ್ಟೆ ಮುಟ್ಟಿ ನೋಡಿದಳು. "ಬಳ್ಳಾರಿಗೆ ಇವಳು ಹೋಗಬಹುದು ಸಾರ್. ಕೂಸು ದಾರಿಯಲ್ಲಿ ರಾಂಪುರದಲ್ಲೇ ಇಳಿಯುತ್ತೆ."

ಹೊಕ್ಕುಳ ಬಳ್ಳಿಗೆಂದು ಕುದಿಸಿಟ್ಟ ಕತ್ತರಿಗಳು ಎರಡಿದ್ದವು. ಒಂದರಿಂದ ರಿಬ್ಬನ್ನು ಕತ್ತರಿಸಿದಳು. ಕಾಲುಗಂಟೆಯಲ್ಲಿ ಇನ್ನೊಂದಕ್ಕೂ ಕೆಲಸ ಬಿತ್ತು. ಹೆಣ್ಣು ಕೂಸು. ಊರಿಗೆಲ್ಲ ಕೇಳುವಂತೆ ಅತ್ತಿತು.

ಸಂಜೆ ಕಾಟಪ್ಪನ ಒಲೆಯ ಬೂದಿ ತಗೊಂಡು ಕೂತಳು. ರಿಬ್ಬನ್ನಿನ ಎರಡು ತುದಿಗಳ ಎಳೆ ಬಿಡಿಸಿ, ಅವ್ವನ ಹಾಗೆ ಹೊಸೆದು ಕೂಡಿಸಿದಳು. ಡಾಕ್ಟರು ಕನ್ನಡಕ ಮೇಲೇರಿಸಿ ನೋಡಿದರು. "ಭೇಷ್! ಯಾರಿಗೂ ಗೊತ್ತಾಗಲ್ಲ ಬಿಡಿ."

ಅವರು ಹೊಗಳಿದ್ದು ಅವಳಿಗೆ ಚುಚ್ಚಿತು. ಗೊತ್ತಾಗಬಾರದು ಅನ್ನೋಕೆ ನಾನೇನು ಕದ್ದು ಹೆರಿಸಿದೆನೇ?

ಮುಂದಿನ ಬುಧವಾರ ಬೋರಕ್ಕ ಹೆರಿಗೆಗೆ ಬಂದಳು. ಮಂಜಮ್ಮ ಮತ್ತೆ ಕತ್ತರಿಸಿದಳು. ಹೆರಿಗೆಯಾದ ಮೇಲೆ ಬೂದಿ ಹುಡುಕಲಿಲ್ಲ. ಎರಡು ತುದಿ ಎಳೆದು, ಗೋಣಿಚೀಲದ ಬಾಯಿಗೆ ಹಾಕುವಂಥ ದಪ್ಪ ಗಂಟು ಬಿಗಿದಳು.

"ಕಾಣಿಸ್ತೈತಲ್ಲಮ್ಮ!" ಕಾಟಪ್ಪ ಹೌಹಾರಿದ.

"ಕಾಣ್ಲಿ ಅಂತಾನೇ ಕಟ್ಟಿದ್ದು."

ಒಂದೊಂದು ಹೆರಿಗೆಗೂ ಒಂದೊಂದು ಗಂಟು ಬಿತ್ತು. ಜೋಲಾಡುತ್ತಿದ್ದ ರಿಬ್ಬನ್ನು ಗಿಡ್ಡವಾಗುತ್ತಾ ಮಗ್ಗದ ಹಾಸಿನಂತೆ ಬಿಗಿಯಾಯಿತು. ಇನ್ನೊಂದು ಬಸುರಿ ಬಂದರೆ ಚೌಕಟ್ಟೇ ಕಿತ್ತು ಬರುತ್ತದೆಂದು ಕಾಟಪ್ಪ ಲೆಕ್ಕ ಹಾಕಿದ.

ಐವತ್ತೆರಡನೇ ದಿನ ಮಂತ್ರಿಗಳು ಬರುವುದು ಖಾತ್ರಿಯಾಯಿತು. ಅವತ್ತು ಬೆಳಿಗ್ಗೆಯೇ ಬಂದ ಜಿಲ್ಲಾ ಅಧಿಕಾರಿ ಬಾಗಿಲ ಮುಂದೆ ನಿಂತುಬಿಟ್ಟರು.

"ಏನ್ರೀ ಇದು?"

"ಹೆರಿಗೆ ಸಾರ್. ಆರು. ಇನ್ನೊಂದು, ಮೊದಲನೇದು, ಕಾಣಲ್ಲ, ಅದನ್ನ ಮುಚ್ಚಿಟ್ಟೆ. ಅದೊಂದು ನನ್ನ ತಪ್ಪು."

ಹೊಸ ರಿಬ್ಬನ್ನು ಬಂತು. ಅಧಿಕಾರಿ ಹೆರಿಗೆ ರಿಜಿಸ್ಟರು ತರಿಸಿ ಅವಳ ಮುಂದೆ ತಳ್ಳಿದರು. "ಉದ್ಘಾಟನೆಗೆ ಮುಂಚೆ ಈ ವಾರ್ಡಲ್ಲಿ ಯಾರೂ ಹುಟ್ಟೋ ಹಾಗಿಲ್ಲ. ಏಳೂ ತಾರೀಖು ನಾಳೆಯಿಂದ ಮುಂದಕ್ಕೆ ಬರೀರಿ. ಇಲ್ಲಾಂದ್ರೆ ನಾಳೆ ನಿಮ್ಮನ್ನ ಉಳ್ಳಾರ್ತಿ ಕಾವಲ್‌ಗೆ ಎತ್ತಂಗಡಿ."

ಡಾಕ್ಟರು ನೆಲ ನೋಡಿದರು. ಪೆನ್ನು ಮೇಜಿನ ಮೇಲಿತ್ತು. ಮಂಜಮ್ಮನ ಮನೆ ಇಲ್ಲೇ, ಮಗಳ ಸ್ಕೂಲು ಇಲ್ಲೇ.

"ಬರೀತೀನಿ ಸಾರ್," ಅಂದಳು. "ಮೊದಲು ಆ ಏಳು ಕೂಸುಗಳನ್ನ ವಾಪಸ್ ಒಳಗೆ ಕಳಿಸಿಬಿಡಿ."

ಕಾಟಪ್ಪ ನಗು ತಡೆಯಲಾಗದೆ ಕೆಮ್ಮಿದ. ಅವಳು ರಿಜಿಸ್ಟರು ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತಳು. ಹೊರಗೆ ಬ್ಯಾಂಡು ಶುರುವಾಯಿತು. ಅಧಿಕಾರಿಗೆ ಓಡಬೇಕಾಯಿತು.

ವರ್ಗಾವಣೆ ಆದೇಶಕ್ಕೆ ಮಾತ್ರ ಬಿಡುವಿನ ಕೊರತೆ ಇರಲಿಲ್ಲ, ಮೂರೇ ದಿನಕ್ಕೆ ಬಂತು. ಹೊರಡುವ ದಿನ ಲಕ್ಷ್ಮೀದೇವಿ ಕೂಸನ್ನೆತ್ತಿಕೊಂಡು ಬಸ್ಸಿನವರೆಗೆ ಬಂದಳು. ಮಂಜಮ್ಮನ ಚೀಲದಲ್ಲಿ ಆರು ಗಂಟಿನ ಹಳೇ ರಿಬ್ಬನ್ನಿತ್ತು.

ಚಳ್ಳಕೆರೆಯಿಂದಾಚೆಗಿನ ಉಳ್ಳಾರ್ತಿ ಕಾವಲ್ ಉಪಕೇಂದ್ರದ ಬಾಗಿಲು ತೆರೆದೇ ಇತ್ತು. ಒಳಗೆ, ಮೂಲೆಯಲ್ಲಿ, ಲಸಿಕೆಯ ಹೊಸ ಫ್ರಿಜ್ಜು ಪ್ಲಾಸ್ಟಿಕ್ ಹೊದ್ದು, ನಡುವಿಗೆ ಕೆಂಪು ರಿಬ್ಬನ್ನು ಸುತ್ತಿಕೊಂಡು ನಿಂತಿತ್ತು.

"ಇದಕ್ಕೆ ಯಾರು ಬರಬೇಕಂತೆ?" ಕೇಳಿದಳು.

"ಶಾಸಕರು," ಅಂದ ಅಲ್ಲಿಯ ಅಟೆಂಡರ್ ಅಜ್ಜಪ್ಪ. "ಡೇಟ್ ಇನ್ನೂ ಕೊಟ್ಟಿಲ್ಲ."

ಮಂಜಮ್ಮ ಚೀಲ ಕೆಳಗಿಟ್ಟಳು. "ಕತ್ತರಿ ತಗೊಂಡು ಬಾ."